ಒಂಬತ್ತನೇ ಪಾಠ

೨೦೨೪ರ ಮಾರ್ಚ್ ನಾಲ್ಕನೇ ತಾರೀಕು, ಸೋಮವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಅಪ್ಪನ ಫೋನು ಅಡುಗೆಮನೆಯ ಮೇಜಿನ ಮೇಲೆ ಎರಡು ಸಲ ಗುರ್ ಎಂದಿತು. ಅಪ್ಪ ಅತ್ತ ತಿರುಗಲಿಲ್ಲ. ಗಾಜಿನ ಲೋಟದಲ್ಲಿ ನಲ್ಲಿಯ ನೀರು ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ ನೋಡುತ್ತಿದ್ದ. ಊರಿಗೆ ಹೋಗುವ ನೀರನ್ನು ತಿಳಿ ಮಾಡುವ ಘಟಕದಲ್ಲಿ ಅವನು ಮೂವತ್ತೊಂದು ವರ್ಷದಿಂದ ಆಪರೇಟರ್. ಮನೆಯಲ್ಲೂ ನೋಡದೆ ನೀರು ಕುಡಿದವನಲ್ಲ.

"ಕಟ್ಕೊಂಡ ಹೆಂಡತೀನ ಒಂದು ದಿನ ಹಾಗೆ ನೋಡ್ಲಿಲ್ಲ," ಎಂದಳು ಅಮ್ಮ, ಮೊಟ್ಟೆ ಒಡೆಯುತ್ತ.

"ನೀನು ಬೆಳಕಿಗೆ ಹಿಡಿಯೋ ಹಾಗೆ ಎಲ್ಲಿದ್ದೀಯ, ಮಾರಾಯ್ತಿ."

ಮೇಜಿನ ಆ ಕಡೆ ಮಗಳು ಶಾಲೆಯ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಅವಳು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಗಂಡನಿಂದ ಬೇರೆಯಾಗಿ, ಮಗಳು ಪುಟ್ಟಿಯನ್ನು ಕರೆದುಕೊಂಡು ತವರಿಗೆ ಬಂದು ಆರು ವರ್ಷವಾಯಿತು; ಪುಟ್ಟಿಗೆ ಈಗ ಹನ್ನೆರಡು. ಮನೆಯಲ್ಲಿ ಎಲ್ಲರಿಗೂ ಅವಳು ಟೀಚರ್. ಅಮ್ಮನಿಗೆ ಸಿಟ್ಟು ಬಂದರೆ ಮಾತ್ರ ಟೀಚರಮ್ಮ.

ಟೀಚರ್ ಫೋನು ಎತ್ತಿಕೊಂಡು ಓದಿದಳು. ಘಟಕಕ್ಕೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬರುತ್ತಿದೆ. ನೀರಿನ ಕೆಸರು ಕೂರಿಸಲು ಎಷ್ಟು ಆಲಂ, ಅಂದರೆ ಪಟಿಕ, ಹಾಕಬೇಕು ಎಂಬುದನ್ನು ಇನ್ನು ಮುಂದೆ ಅದೇ ಲೆಕ್ಕ ಹಾಕಿ ಸುರಿಯುತ್ತದೆ. ಎಲ್ಲ ಆಪರೇಟರುಗಳೂ ಆನ್‌ಲೈನಿನಲ್ಲಿ ಹನ್ನೆರಡು ಪಾಠ ಓದಿ, ಪ್ರತಿ ಪಾಠದ ಕೊನೆಯ ಹತ್ತು ಪ್ರಶ್ನೆಗಳಿಗೆ ಉತ್ತರಿಸಬೇಕು. ಮಾರ್ಚ್ ಹದಿನೆಂಟು ಕೊನೆಯ ದಿನ. ಶೇಕಡಾ ಎಂಬತ್ತು ಅಂಕ ಬಾರದವರಿಗೆ ಪೈಪಿನ ಗೋದಾಮಿಗೆ ವರ್ಗ.

"ಗೋದಾಮಿಗಾ?" ಅಮ್ಮನ ಕೈ ಬಾಣಲೆಯ ಮೇಲೆ ನಿಂತಿತು. "ಇನ್ನೆರಡು ವರ್ಷಕ್ಕೆ ರಿಟೈರ್ ಆಗೋ ಮನುಷ್ಯ ಪೈಪು ಎಣಿಸ್ಕೊಂಡು ಕೂರ್ಬೇಕಾ?"

ಅಪ್ಪ ಲೋಟದ ನೀರು ಪೂರ್ತಿ ಕುಡಿದು ಕೆಳಗಿಟ್ಟ. "ನದಿ ನೀರು ದಿನಕ್ಕೊಂದು ಥರ ಇರುತ್ತೆ. ಅದಕ್ಕೆ ಪಾಠ ಹೇಳಿಕೊಡ್ತಾರಂತಾ?"

ಅವನ ವಿದ್ಯೆಯೆಲ್ಲ ಆರು ಗಾಜಿನ ಜಾಡಿಗಳಲ್ಲಿತ್ತು. ಬೆಳಿಗ್ಗೆ ಹೋದ ಕೂಡಲೇ ಆರರಲ್ಲೂ ನದಿಯ ನೀರು ತುಂಬಿ, ಒಂದೊಂದಕ್ಕೆ ಒಂದೊಂದು ಅಳತೆಯ ಆಲಂ ಹಾಕಿ, ಕಲಕಿ, ಇಪ್ಪತ್ತು ನಿಮಿಷ ಕೈಕಟ್ಟಿ ಕೂರುತ್ತಿದ್ದ. ಮಣ್ಣು ಹತ್ತಿಯ ಎಳೆಯಂತೆ ಗಂಟುಗಂಟಾಗಿ ಕೆಳಗಿಳಿಯುತ್ತದೆ. ಯಾವ ಜಾಡಿಯಲ್ಲಿ ಗಂಟು ಚೆನ್ನಾಗಿ ಕೂಡಿ ಬೇಗ ಕೂತಿತೋ ಅದರ ಅಳತೆಯೇ ಅವತ್ತಿನ ಊರಿನ ಅಳತೆ.

ಅವತ್ತು ಸಂಜೆ ಶಾಲೆಯ ಲ್ಯಾಪ್‌ಟಾಪ್ ತೆರೆದು ಟೀಚರ್ ಅಪ್ಪನನ್ನು ಮೊದಲ ಪಾಠಕ್ಕೆ ಕೂರಿಸಿದಳು. ಅಪ್ಪ ಮೌಸನ್ನು ವಾಲ್ವಿನ ಹಿಡಿಯಂತೆ ಬಿಗಿಯಾಗಿ ಹಿಡಿದ. ಪ್ರತಿ ಸಾಲನ್ನೂ ಬೆರಳಿಟ್ಟು ಎರಡೆರಡು ಸಲ ಓದಿದ.

"ಅಪ್ಪ, ಪರದೆ ಮೇಲೆ ಬೆರಳಿಡಬೇಡ, ಪುಟ ಹಾರುತ್ತೆ."

"ಬೆರಳಿಡದೆ ಓದಿದ್ರೆ ಸಾಲು ಹಾರುತ್ತೆ."

"ಅಜ್ಜ, ಇದು ಹೀಗೆ ಅಷ್ಟೆ," ಎಂದು ಪುಟ್ಟಿ ಮೌಸ್ ಕಿತ್ತುಕೊಂಡು ಎರಡು ಸಲ ಟಕ್ಕೆನಿಸಿದಳು. ಅಪ್ಪ ಅವಳ ಕೈಯನ್ನು ನೋಡಿದನೇ ಹೊರತು ಪರದೆಯನ್ನು ನೋಡಲಿಲ್ಲ. ಎರಡು ಗಂಟೆಯಾದರೂ ಮೊದಲ ಪಾಠ ಮುಗಿಯಲಿಲ್ಲ. ಐದನೇ ಪ್ರಶ್ನೆಯಲ್ಲಿ ಯೋಚಿಸುತ್ತ ಕೂತಿದ್ದಾಗ, ಬಹಳ ಹೊತ್ತಾಯಿತೆಂದು ಪರದೆ ತಾನಾಗಿಯೇ ಮುಚ್ಚಿಕೊಂಡಿತು. ಮತ್ತೆ ಮೊದಲಿನಿಂದ ಶುರು.

"ನಾಳೆ ನೋಡೋಣ," ಎಂದು ಅಪ್ಪ ಎದ್ದು ಹೋಗಿ ಬೀನ್ಸ್ ಬಿಡಿಸಲು ಕೂತ. ಬೀನ್ಸ್ ಬಿಡಿಸುವುದು ಆ ಮನೆಯಲ್ಲಿ ಅವನ ಪಾಲಿನ ಕೆಲಸ.

ಮೂರು ಸಂಜೆ ಹೀಗೇ ಹೋಯಿತು. ನಾಲ್ಕನೇ ದಿನ ಅಮ್ಮ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದು, ಬಟ್ಟೆ ಮಡಿಸುತ್ತಿದ್ದ ಮಗಳ ಪಕ್ಕ ನಿಂತಳು.

"ನೋಡು, ನೀನು ಹೇಗೂ ಓದಿದವಳು. ಅದರಲ್ಲಿರೋದೆಲ್ಲ ನಿನ್ನ ವಿಜ್ಞಾನವೇ ಅಲ್ವಾ? ನೀನೇ ಮಾಡಿಬಿಡು."

"ಅಮ್ಮ, ಅದು ಅಪ್ಪನ ಪರೀಕ್ಷೆ."

"ಪರೀಕ್ಷೆಯಂತೆ. ಮೂವತ್ತೊಂದು ವರ್ಷ ಈ ಊರಿನೋರ ಹೊಟ್ಟೆ ಕಾಪಾಡಿದ್ದಾರೆ, ಅದು ಪರೀಕ್ಷೆ ಅಲ್ವಾ? ಕೆಲಸ ಗೊತ್ತಿರೋನಿಗೆ ಗುಂಡಿ ಒತ್ತೋಕೆ ಬರಲ್ಲ ಅಂತ ಗೋದಾಮಿಗೆ ಹಾಕೋದು ನ್ಯಾಯನಾ? ನೀನೇ ಹೇಳು ಟೀಚರಮ್ಮ."

ಅಮ್ಮನ ಮಾತಿನಲ್ಲಿ ಅರ್ಧ ನಿಜವಿತ್ತು. ಉಳಿದ ಅರ್ಧವನ್ನು ಹುಡುಕುವ ಪುರುಸೊತ್ತು ಅವಳಿಗಿರಲಿಲ್ಲ. ಅವತ್ತು ಸಂಜೆ ಅಪ್ಪನ ಹೆಸರಿನಲ್ಲಿ ಒಳಹೊಕ್ಕು ಮೊದಲ ಪಾಠ ಮುಗಿಸಿದಳು. ಹತ್ತಕ್ಕೆ ಹತ್ತು. ಅಪ್ಪ ಬಾಗಿಲಲ್ಲಿ ನಿಂತು ನೋಡಿದ, ಬೇಡ ಅನ್ನಲಿಲ್ಲ. ಚಹಾ ಮಾಡಿ ತಂದು ಅವಳ ಮೊಣಕೈ ಹತ್ತಿರ ಇಟ್ಟು ಹೋದ.

ಆರು ಪಾಠಗಳನ್ನು ಅವಳು ಓದಿಯೇ ಬರೆದಳು. ಆಮೇಲೆ ಶಾಲೆಯ ಉತ್ತರಪತ್ರಿಕೆಗಳು ಕಟ್ಟುಕಟ್ಟಾಗಿ ಬಂದವು. ಏಳನೇ ಪಾಠದಿಂದ ಮುಂದೆ ಬರೀ ಯಂತ್ರದ ಗುಂಡಿಗಳು, ಪಟ್ಟಿಗಳು, ಬಣ್ಣದ ದೀಪಗಳು. ಅವಳು ಪ್ರಶ್ನೆಗಳನ್ನು ಒಂದೊಂದಾಗಿ ಫೋನಿಗೆ ಹಾಕಿದಳು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಆ್ಯಪ್ ಒಂದಿತ್ತು; ಅದು ಹೇಳಿದ್ದನ್ನು ಇಲ್ಲಿ ಒತ್ತುತ್ತ ಹೋದಳು. ಒಂದು ಪಾಠಕ್ಕೆ ಆರು ನಿಮಿಷ ಹಿಡಿಯಿತು. ಒಂಬತ್ತನೇ ಪಾಠವನ್ನು ಆಲೂಗಡ್ಡೆ ಬೇಯುತ್ತಿರುವಾಗ ಒಲೆಯ ಪಕ್ಕದಲ್ಲೇ ನಿಂತು ಮುಗಿಸಿದಳು.

ಅದೇ ವಾರ ಅವಳ ತರಗತಿಯ ಒಬ್ಬ ಹುಡುಗಿ ಬೆಳಕಿನ ವಕ್ರೀಭವನದ ಬಗ್ಗೆ ಎರಡು ಪುಟ ಬರೆದು ತಂದಿದ್ದಳು. ಒಂದೂ ತಪ್ಪಿಲ್ಲದ ಎರಡು ಪುಟ. ಟೀಚರ್ ಅವಳನ್ನು ಮೇಜಿನ ಬಳಿ ಕರೆದು, "ನಿನ್ನ ಮಾತಲ್ಲಿ ಹೇಳು ನೋಡೋಣ," ಎಂದಳು. ಹುಡುಗಿ ಬಾಯಿಗೆ ಬೀಗ ಹಾಕಿಕೊಂಡು ನಿಂತಳು. ಟೀಚರ್ ಕೆಂಪು ಪೆನ್ನಿನಲ್ಲಿ ಸೊನ್ನೆ ಹಾಕಿದಳು.

ಊಟದ ಹೊತ್ತಿಗೆ ಅದನ್ನೇ ಹೇಳಿದಳು. "ಇಡೀ ತರಗತೀಲಿ ಅರ್ಧದಷ್ಟು ಹಾಗೇ. ಫೋನು ಬರೆಯುತ್ತೆ, ಇವರು ತಂದುಕೊಡ್ತಾರೆ. ತಲೆಗೆ ಏನೂ ಹೋಗಿರಲ್ಲ."

ಪುಟ್ಟಿ ಅನ್ನದಲ್ಲಿ ಚಮಚ ಆಡಿಸುತ್ತ ಕೇಳಿದಳು, "ಅಮ್ಮ, ಅಜ್ಜನ ಪಾಠ ಯಾರ ತಲೆಗೆ ಹೋಗಿದೆ?"

"ನಿನ್ನ ತಟ್ಟೇಲಿರೋದು ಮೊದಲು ನಿನ್ನ ಹೊಟ್ಟೆಗೆ ಹೋಗ್ಲಿ," ಎಂದಳು ಅಜ್ಜಿ. "ದೊಡ್ಡೋರ ತಲೆ ವಿಷಯ ಆಮೇಲೆ."

ಅಪ್ಪ ತಲೆ ಎತ್ತದೆ ಊಟ ಮುಗಿಸಿ, ತನ್ನ ತಟ್ಟೆಯ ಜೊತೆ ಎಲ್ಲರ ತಟ್ಟೆಯನ್ನೂ ತೊಳೆದ.

ಮಾರ್ಚ್ ಹತ್ತೊಂಬತ್ತಕ್ಕೆ ಫಲಿತಾಂಶ ಬಂತು. ಶೇಕಡಾ ತೊಂಬತ್ತಾರು. ಹದಿನಾಲ್ಕು ಆಪರೇಟರುಗಳಲ್ಲಿ ಅಪ್ಪನೇ ಮೊದಲು. ಎರಡನೆಯವನಿಗೆ ಎಂಬತ್ತೊಂದು. ಅಮ್ಮ ಅಂಚು ಹೊಲಿಸಿಕೊಳ್ಳಲು ಬಂದವರಿಗೆಲ್ಲ ಆ ಸಂಖ್ಯೆ ಹೇಳಿದಳು. ಎದುರು ಮನೆಯವಳಿಗೆ ಎರಡು ಸಲ ಹೇಳಿದಳು.

ಅಪ್ಪ ಮಾತ್ರ ಮುಖ ಗಂಟು ಹಾಕಿಕೊಂಡು ಬಂದ. "ಮೇಡಮ್ ಕರೆದಿದ್ರು," ಎಂದ. ಮೇಡಮ್ ಎಂದರೆ ಘಟಕದ ಇಂಜಿನಿಯರ್. ಮೂವತ್ತೂ ಮುಟ್ಟದ ಹೆಣ್ಣುಮಗಳು. "ಇಪ್ಪತ್ತೈದರಿಂದ ಬೆಳಗಿನ ಪಾಳಿಗೆ ಒಬ್ಬನೇ ಸಾಕಂತೆ. ತೊಂಬತ್ತಾರು ತಗೊಂಡೋರು ನೀವೇ ಇರಿ ಅಂದ್ರು."

"ಒಬ್ಬರೇನಾ?" ಎಂದಳು ಟೀಚರ್. "ಜೊತೆಗಿದ್ದೋರು?"

"ಎಂಬತ್ತೊಂದರವನು ಬೇರೆ ಪಾಳಿಗೆ ಹೋದ. ಜಾಡಿಗಳನ್ನ ಕಪಾಟಿಗೆ ಎತ್ತಿಟ್ಟಿದ್ದಾರೆ. ಆಲಂ ಬಿಡೋ ಹಳೇ ಕೈತಿರುಗಣೆ ಕಿತ್ತು ಹಾಕಿದ್ದಾರೆ. ಈಗ ಎಲ್ಲ ಪರದೆಯಲ್ಲೇ."

"ಅಪ್ಪ, ಸಂಜೆ ಕೂತ್ಕೊಳ್ಳೋಣ. ಪಾಠ ಎಲ್ಲ ಇನ್ನೊಂದು ಸಲ ನೋಡೋಣ."

"ನೋಡೋಣ," ಎಂದ ಅಪ್ಪ. ಆ ಸಂಜೆ ಪುಟ್ಟಿಗೆ ಜ್ವರ ಬಂತು. ಮಾರನೇ ವಾರ ಟೀಚರಿಗೆ ಅಂಕಪಟ್ಟಿಯ ಕೆಲಸ. ದಿನವೂ ಅಪ್ಪ ಮನೆಗೆ ಬಂದು, "ಇವತ್ತು ಏನೂ ಆಗಲಿಲ್ಲ," ಎನ್ನುತ್ತಿದ್ದ. ಏನೂ ಆಗದಿದ್ದರೆ ಪರದೆಯ ಮುಂದೆ ಮಾಡುವುದು ಏನೂ ಇರಲಿಲ್ಲ.

ಏಪ್ರಿಲ್ ನಾಲ್ಕು, ಗುರುವಾರ, ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಟೀಚರ್ ಹಲಗೆಯ ಮೇಲೆ ಮಸೂರದ ಚಿತ್ರ ಬರೆಯುತ್ತಿದ್ದಾಗ ಫೋನು ನಡುಗಿತು. ಕೆಲಸದ ಹೊತ್ತಿನಲ್ಲಿ ಅಪ್ಪ ಹಿಂದೆಂದೂ ಕರೆ ಮಾಡಿದವನಲ್ಲ. ಅವಳು ಮೊಗಸಾಲೆಗೆ ಓಡಿದಳು.

"ಒಂಬತ್ತನೇ ಪಾಠದಲ್ಲಿ ಏನಿತ್ತು?" ಎಂದ ಅಪ್ಪ. ಪೀಠಿಕೆಯಿಲ್ಲ, ದನಿಯಲ್ಲಿ ಏರಿಲ್ಲ.

"ಯಾಕಪ್ಪ? ಏನಾಯ್ತು?"

"ಮೇಲ್ಗಡೆ ಎಲ್ಲೋ ಮಳೆ ಬಿದ್ದಿದೆ. ನದಿ ಕೆಂಪಗೆ ಬರ್ತಿದೆ. ಪರದೆಯಲ್ಲಿ ನೀರಿನ ಕದಡು ಆರು ಅಂತಿದೆ, ಬೆಳಗಿಂದ ಆರೇ. ನಾನು ಬಾಟಲಿಯಲ್ಲಿ ಹಿಡಿದು ಮೇಜಿನ ಮೀಟರಲ್ಲಿ ಇಟ್ಟು ನೋಡಿದೆ, ನಲವತ್ತೊಂದು. ಒಳಗೆ ಕದಡು ಅಳೆಯೋ ಯಂತ್ರದ ಕಣ್ಣಿಗೆ ಪಾಚಿ ಕಟ್ಟಿರಬೇಕು. ಆರಕ್ಕೆ ಎಷ್ಟು ಬೇಕೋ ಅಷ್ಟೇ ಆಲಂ ಬಿಡ್ತಿದೆ ಅದು. ಕೆಸರು ಕೂರ್ತಾ ಇಲ್ಲ."

"ಜಾಸ್ತಿ ಬಿಡಪ್ಪ ಮತ್ತೆ."

"ಅದನ್ನೇ ಕೇಳ್ತಿರೋದು. ಅದರ ಕೈಯಿಂದ ನನ್ನ ಕೈಗೆ ತಗೊಳ್ಳೋದು ಹೇಗೆ? ಒಂಬತ್ತನೇ ಪಾಠ ನೋಡಿ ಅಂತ ಪರದೆಯಲ್ಲೇ ಬರೆದಿದೆ. ಎರಡು ಸಲ ಏನೋ ಒತ್ತಿದೆ, ತಪ್ಪು ಅಂತು. ಮೂರನೇ ಸಲ ತಪ್ಪಾದ್ರೆ ಬೀಗ ಬೀಳುತ್ತಂತೆ."

ಟೀಚರ್ ಕಣ್ಣು ಮುಚ್ಚಿಕೊಂಡಳು. ಒಂಬತ್ತನೇ ಪಾಠವನ್ನು ನೆನೆದರೆ ಅವಳಿಗೆ ಕಂಡದ್ದು ಕುದಿಯುವ ಆಲೂಗಡ್ಡೆ. ಅದರಲ್ಲಿ ಹತ್ತಕ್ಕೆ ಹತ್ತು ಬಂದಿತ್ತು.

"ಒಂದು ನಿಮಿಷ ಅಪ್ಪ." ಆ್ಯಪ್ ತೆರೆದು ಕೇಳಿದಳು. ಅದು ಒಂದು ಕ್ಷಣವೂ ತಡೆಯದೆ ಐದು ಹೆಜ್ಜೆಗಳನ್ನು ಬರೆದುಕೊಟ್ಟಿತು. "ಎಡಗಡೆ ಮೇಲೆ 'ನಿಯಂತ್ರಣ' ಅಂತ ಪಟ್ಟಿ ಇದೆಯಾ?"

"ಇಲ್ಲ."

"ಹಸಿರು ಚೌಕ?"

"ಹಸಿರು ಯಾವುದೂ ಇಲ್ಲ. ಎಲ್ಲ ನೀಲಿ. ನೀನು ಪಾಠ ನೋಡಿ ಹೇಳ್ತಿದ್ದೀಯಾ?"

"ಇಲ್ಲಪ್ಪ. ಆ ಪಾಠ ನಾನೂ ಓದಿಲ್ಲ."

"ಸರಿ," ಎಂದ ಅಪ್ಪ. "ಮೇಡಮ್ ಮೀಟಿಂಗಲ್ಲಿದ್ದಾರೆ, ಫೋನ್ ಎತ್ತಲ್ಲ. ನಾನು ಊರಿನ ವಾಲ್ವ್ ಮುಚ್ತೀನಿ. ಅದಿನ್ನೂ ಕೈಯಲ್ಲೇ ತಿರುಗುತ್ತೆ."

"ಇಡೀ ಊರಿಗೆ ನೀರು ನಿಲ್ಲುತ್ತಲ್ಲಪ್ಪ."

"ಕೆಟ್ಟ ನೀರು ಹೋಗೋದಕ್ಕಿಂತ ನಿಲ್ಲಲಿ." ಫೋನು ಸುಮ್ಮನಾಯಿತು. ಟೀಚರ್ ತರಗತಿಗೆ ಮರಳಿದಾಗ ಮಸೂರದ ಚಿತ್ರ ಅರ್ಧಕ್ಕೇ ನಿಂತಿತ್ತು. ಅದನ್ನು ಪೂರ್ತಿ ಮಾಡಲು ಕಿರಣ ಯಾವ ಕಡೆ ಬಾಗಬೇಕೆಂದು ಅವಳು ಒಂದು ಗಳಿಗೆ ಯೋಚಿಸಬೇಕಾಯಿತು.

ಮನೆಯಲ್ಲಿ ಹನ್ನೆರಡು ಗಂಟೆಗೆ ನಲ್ಲಿ ಎರಡು ಸಲ ಕೆಮ್ಮಿ ಒಣಗಿತು. ತೊಳೆಯದ ಪಾತ್ರೆ, ನೆನೆಹಾಕಿದ ಬಟ್ಟೆ ಎಲ್ಲ ಹಾಗೇ ಉಳಿದವು. ಟೀಚರ್ ಶಾಲೆಯಿಂದ ಬಂದಾಗ ಅಮ್ಮ ಎದುರು ಮನೆಯಿಂದ ಅರ್ಧ ಬಕೆಟ್ ನೀರು ಎರವಲು ತರುತ್ತಿದ್ದಳು.

"ಯಾವನೋ ಮಹಾನುಭಾವ ಊರಿಗೇ ನೀರು ನಿಲ್ಲಿಸಿದ್ದಾನೆ. ಹೇಳೋರು ಕೇಳೋರು ಇಲ್ಲ."

ಅದೇ ಹೊತ್ತಿಗೆ ಅಪ್ಪನೂ ಬಂದ, ಸಂಜೆ ಐದೂವರೆಗೆ. ಅಂಗೈಯಲ್ಲಿ ಎರಡು ಗುಳ್ಳೆ ಎದ್ದಿದ್ದವು. ಆ ವಾಲ್ವನ್ನು ಪೂರ್ತಿ ಮುಚ್ಚಲು ಚಕ್ರವನ್ನು ನೂರಾ ನಲವತ್ತು ಸುತ್ತು ತಿರುಗಿಸಬೇಕು. ಅವನು ಕುರ್ಚಿಯಲ್ಲಿ ಕೂತು ಬೂಟು ಬಿಚ್ಚುತ್ತ ಹೇಳಿದ, "ಆ ಮಹಾನುಭಾವ ನಾನೇ. ಬೀದಿಯಲ್ಲೇ ಕೇಳಿಸ್ತು ನಿನ್ನ ಮಾತು."

ಆಮೇಲೆ ಎಲ್ಲ ಹೇಳಿದ. ಮೇಡಮ್ ಒಂದೂವರೆಗೆ ಬಂದರಂತೆ, ನಾಲ್ಕೇ ಒತ್ತಿಗೆ ಯಂತ್ರವನ್ನು ಕೈಗೆ ತೆಗೆದುಕೊಂಡರಂತೆ. ಒಳಗಿನ ಕಣ್ಣಿಗೆ ಪಾಚಿ ಬೆರಳು ದಪ್ಪ ಕಟ್ಟಿತ್ತು. ಅದನ್ನು ಒರೆಸುವ ಕಡ್ಡಿ ಮುರಿದಿತ್ತು.

"ನೀರು ಕೆಟ್ಟಿದ್ದು ಕಂಡುಹಿಡಿದದ್ದು ನೀವೇ ಅಲ್ವಾ?" ಎಂದಳು ಅಮ್ಮ. "ಅದಕ್ಕೆ ಬೆನ್ನು ತಟ್ಟಬೇಕಿತ್ತು ಅವರು."

"ತಟ್ಟಿದ್ರು. ಆಮೇಲೆ ಕೇಳಿದ್ರು, ತೊಂಬತ್ತಾರು ತಗೊಂಡ ನಿಮಗೆ ನಾಲ್ಕು ಗುಂಡಿ ಒತ್ತೋಕೆ ಯಾಕೆ ಆಗ್ಲಿಲ್ಲ ಅಂತ. ಸೋಮವಾರದೊಳಗೆ ಬರೆದುಕೊಡಬೇಕು."

"ಗಾಬರಿಯಲ್ಲಿ ಮರೆತೆ ಅಂತ ಬರೀರಿ."

"ನಾನು ಗಾಬರಿಯಾಗಿರ್ಲಿಲ್ಲ."

"ರೀ, ಆಗಿದ್ದೆ ಅಂದ್ರೆ ಯಾರು ನಿಮ್ಮ ನಾಡಿ ಹಿಡಿದು ನೋಡ್ತಾರೆ? ನಿಜ ಹೇಳಿದ್ರೆ ನಿಮ್ಮ ಕೆಲಸದ ಜೊತೆ ಇವಳದ್ದೂ ಹೋಗುತ್ತೆ. ಪರೀಕ್ಷೆಯಲ್ಲಿ ಕಾಪಿ ಹೊಡೆಯೋ ಟೀಚರನ್ನ ಯಾವ ಶಾಲೆ ಇಟ್ಕೊಳ್ಳುತ್ತೆ?"

"ಅಮ್ಮ, ಮಾಡು ಅಂದಿದ್ದು ನೀನೇ," ಎಂದಳು ಟೀಚರ್.

"ಹೌದು, ನಾನೇ. ಎಲ್ಲ ನನ್ನ ತಲೆಗೇ ಕಟ್ಟಿ. ಓದಿದೋಳು ನೀನು, ಓದದೇ ಒತ್ತು ಅಂತ ನಾನು ಹೇಳಿದ್ನಾ?"

ಅಮ್ಮ ಬಕೆಟ್ಟಿನ ನೀರಲ್ಲಿ ಒಂದೊಂದೇ ಲೋಟ ತೆಗೆದು ಪಾತ್ರೆಗೆ ಸುರಿದಳು. ಅಳುತ್ತಿದ್ದಳೋ ಏನೋ, ಬೆನ್ನು ಮಾತ್ರ ಕಾಣುತ್ತಿತ್ತು.

ಭಾನುವಾರ ಮಧ್ಯಾಹ್ನ ಅಪ್ಪ ಕೈತೊಳೆದು, ತಲೆ ಬಾಚಿಕೊಂಡು ಲ್ಯಾಪ್‌ಟಾಪಿನ ಪಕ್ಕ ಕೂತ. "ನಾನು ಹೇಳ್ತೀನಿ, ನೀನು ಟೈಪ್ ಮಾಡು. ಹೇಳಿದ್ದಷ್ಟೇ ಮಾಡು."

ಅವನು ಹೇಳಿದ. ಹನ್ನೊಂದು ಗಂಟೆಗೆ ಪರದೆಯಲ್ಲಿ ಕದಡು ಆರು, ಬಾಟಲಿಯಲ್ಲಿ ನಲವತ್ತೊಂದು. ಹನ್ನೊಂದು ಇಪ್ಪತ್ತಕ್ಕೆ ವಾಲ್ವ್ ಮುಚ್ಚಲು ಶುರು, ಹನ್ನೊಂದು ನಲವತ್ತೈದಕ್ಕೆ ಪೂರ್ತಿ. ಯಂತ್ರವನ್ನು ಕೈಗೆ ತೆಗೆದುಕೊಳ್ಳುವುದು ನನಗೆ ಗೊತ್ತಿರಲಿಲ್ಲ. ಪಾಠಗಳನ್ನು ನಾನು ಓದಿಲ್ಲ. ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದು ನಾನಲ್ಲ.

"ಅಷ್ಟೇ," ಎಂದ. "ಕಳಿಸು."

"ಮತ್ತೆ ಯಾರು ಕೊಟ್ಟಿದ್ದು ಅಂತ ಕೇಳಲ್ವಾ?"

"ಕೇಳಿದಾಗ ನೋಡೋಣ. ನಿನ್ನ ವಿಷಯ ಅದರಲ್ಲಿ ಬೇಡ."

ಟೀಚರ್ ಇನ್ನೊಂದು ಸಾಲು ಟೈಪ್ ಮಾಡಿದಳು. ಅಪ್ಪ ಪರದೆಗೆ ಬಗ್ಗಿ ಬೆರಳಿಟ್ಟು ಓದಿದ: ಉತ್ತರ ಕೊಟ್ಟದ್ದು ನನ್ನ ಮಗಳು.

"ಹೇಳಿದ್ದಷ್ಟೇ ಮಾಡು ಅಂದಿದ್ದೆ."

"ಇದು ನಿನ್ನ ಸಾಲಲ್ಲ ಅಪ್ಪ, ನಂದು."

ಅಪ್ಪ ಅದನ್ನು ಇನ್ನೊಂದು ಸಲ ಓದಿದ. ಅಳಿಸು ಅನ್ನಲಿಲ್ಲ. ಹೊಲಿಗೆ ಯಂತ್ರದ ಸದ್ದು ಪಕ್ಕದ ಕೋಣೆಯಲ್ಲಿ ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು.

ಮೇಡಮ್ ಅವರ ಉತ್ತರ ಮೂರು ಸಾಲಿನದು. ತೊಂಬತ್ತಾರು ರದ್ದು. ಏಪ್ರಿಲ್ ಇಪ್ಪತ್ತೇಳರಂದು ಕಚೇರಿಯಲ್ಲಿ ಎಲ್ಲರೆದುರು ಹೊಸದಾಗಿ ಪರೀಕ್ಷೆ: ಐವತ್ತು ಪ್ರಶ್ನೆ, ಒಂದು ಗಂಟೆ, ಅದೇ ಎಂಬತ್ತು. ಬಾರದಿದ್ದರೆ ಮೇ ಒಂದರಿಂದ ಗೋದಾಮು.

ಟೀಚರ್ ಮುಖ್ಯೋಪಾಧ್ಯಾಯಿನಿಗೆ ತಾನೇ ಹೋಗಿ ಹೇಳಿದಳು. ಆಕೆ ಕನ್ನಡಕ ತೆಗೆದು ಒರೆಸಿ, "ಬೇರೆಯವರಿಂದ ಗೊತ್ತಾಗಿದ್ರೆ ನಿಮ್ಮನ್ನ ಉಳಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ," ಎಂದರು. "ಈ ವರ್ಷ ಪರೀಕ್ಷೆ ಕೆಲಸ ಯಾವುದೂ ನಿಮಗೆ ಬೇಡ. ಮೇಲ್ವಿಚಾರಣೆಗೂ ಬರಬೇಡಿ." ಟೀಚರ್ ತಲೆಯಾಡಿಸಿದಳು. ಸೊನ್ನೆ ಪಡೆದ ಹುಡುಗಿಯನ್ನು ಕರೆದು, ಅದೇ ಪಾಠವನ್ನು ತನ್ನೆದುರು ಕೂತು ಬರೆಯಲು ಹೇಳಿದಳು. ಹುಡುಗಿ ಮುಕ್ಕಾಲು ಪುಟ ಬರೆದಳು. ಹತ್ತಕ್ಕೆ ನಾಲ್ಕು ಬಂತು.

ಮನೆಯಲ್ಲಿ ಮೂರು ವಾರ ಬೀನ್ಸ್ ಬಿಡಿಸುವ ಕೆಲಸ ಪುಟ್ಟಿಗೆ ಬಂತು. ಬೆಳಿಗ್ಗೆ ಐದಕ್ಕೆ ಅಪ್ಪ, ಮಗಳು ಮೇಜಿಗೆ ಕೂರುವರು. ಅಪ್ಪ ಹನ್ನೆರಡು ಪಾಠಗಳನ್ನೂ ಒಂದು ನೋಟ್‌ಬುಕ್ಕಿಗೆ ಕೈಯಲ್ಲಿ ಇಳಿಸಿದ. ಒಂಬತ್ತನೇ ಪಾಠವನ್ನು ಮೂರು ಸಲ ಬರೆದ. ಯಾವ ಗುಂಡಿಯ ಪಕ್ಕ ಯಾವ ಗುಂಡಿ ಎಂದು ಸ್ಕೇಲಿಟ್ಟು ಚಿತ್ರ ಬರೆದ. ಟೀಚರೂ ಅದನ್ನು ಮೊದಲ ಸಲ ಓದಿದಳು.

"ಕಷ್ಟ ಏನಿಲ್ಲ ಇದು," ಎಂದ ಅಪ್ಪ ಒಂದು ದಿನ. "ಕಷ್ಟ ಅಂತ ನಾವೇ ಅಂದ್ಕೊಂಡಿದ್ವಿ."

"ನನಗಂತೂ ಕಷ್ಟ ಅಂತ ಕೂಡ ಗೊತ್ತಿರ್ಲಿಲ್ಲಪ್ಪ."

ಅಮ್ಮ ಚಹಾ ತಂದಿಟ್ಟಳು. ಎರಡು ವಾರ ಗಂಡನ ಜೊತೆ ಅವಳು ಹೆಚ್ಚು ಮಾತಾಡಿರಲಿಲ್ಲ. "ಆ ಗೋದಾಮಲ್ಲಿ ಧೂಳು ಜಾಸ್ತಿಯಂತೆ," ಎಂದಳು, ಯಾರಿಗೂ ಅಲ್ಲದ ಹಾಗೆ. "ಮೊದಲೇ ನಿಮಗೆ ಕೆಮ್ಮು. ಸರಿಯಾಗಿ ಓದಿ."

ತೊಂದರೆ ಇದ್ದದ್ದು ವೇಗದಲ್ಲಿ. ಟೀಚರ್ ಗಡಿಯಾರ ಇಟ್ಟು ಮಾದರಿ ಪರೀಕ್ಷೆ ಮಾಡಿದಳು. ಐವತ್ತು ಪ್ರಶ್ನೆಗೆ ಮೊದಲ ಸಲ ತೊಂಬತ್ತೆಂಟು ನಿಮಿಷ ಹಿಡಿಯಿತು. ಆಮೇಲೆ ತೊಂಬತ್ತು. ಕೊನೆಯ ವಾರ ಎಂಬತ್ತೆರಡು. ಅಲ್ಲಿಂದ ಕೆಳಗಿಳಿಯಲಿಲ್ಲ.

"ಬೇಗ ಓದು ಅಪ್ಪ. ಒಂದೇ ಸಲ ಓದು."

"ಒಂದೇ ಸಲ ಓದಿದ್ರೆ ಅವರು ಏನು ಕೇಳಿದ್ದಾರೋ ಅದಕ್ಕೆ ಉತ್ತರ ಕೊಟ್ಟೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಹಾಗಾದ್ರೆ ಒಂದು ಕೆಲಸ ಮಾಡು. ಕೊನೇ ಎರಡು ನಿಮಿಷ ಇರುವಾಗ ಉಳಿದಿದ್ದಕ್ಕೆಲ್ಲ ಸುಮ್ನೆ ಏನಾದ್ರೂ ಒತ್ತಿಬಿಡು. ನಾಲ್ಕರಲ್ಲಿ ಒಂದು ಸರಿ ಇರುತ್ತೆ. ತಪ್ಪಾದ್ರೆ ಅಂಕ ಕಳೆಯಲ್ಲ."

ಅಪ್ಪ ನೋಟ್‌ಬುಕ್ ಮುಚ್ಚಿದ. "ಅದು ಪರೀಕ್ಷೆಯಲ್ಲಿ ನಡೆಯುತ್ತಾ?"

"ಎಲ್ಲರೂ ಮಾಡೋದೇ ಅಪ್ಪ. ಅದು ಮೋಸ ಅಲ್ಲ."

"ಹೂಂ," ಎಂದ ಅಪ್ಪ.

ಏಪ್ರಿಲ್ ಇಪ್ಪತ್ತೇಳು, ಶನಿವಾರ. ಟೀಚರ್ ಅಪ್ಪನ ಜೊತೆ ಬಸ್ಸಿನಲ್ಲಿ ಹೋದಳು. ಕಚೇರಿಯ ಪರೀಕ್ಷೆ ಕೋಣೆಗೆ ಗಾಜಿನ ಬಾಗಿಲಿತ್ತು. ಅವಳನ್ನು ಮೊಗಸಾಲೆಯ ಬೆಂಚಿನ ಮೇಲೆ ಕೂರಿಸಿ, ಫೋನನ್ನು ಕಾವಲಿನವನ ಮೇಜಿನ ಮೇಲೆ ಇಡಿಸಿಕೊಂಡರು. ಅವಳು ಬೇಡವೆನ್ನಲಿಲ್ಲ. ಹತ್ತು ಗಂಟೆಗೆ ಶುರುವಾಯಿತು. ಗಾಜಿನಾಚೆ ಅಪ್ಪನ ಬೆನ್ನು ಕಾಣುತ್ತಿತ್ತು. ಬಲಗೈ ಮೌಸಿನ ಮೇಲೆ, ಎಡಗೈಯ ಬೆರಳು ಪರದೆಯ ಮುಂದೆ ಗಾಳಿಯಲ್ಲಿ ಸಾಲು ಹಿಡಿದು ನಿಧಾನವಾಗಿ ಸರಿಯುತ್ತಿತ್ತು. ಸಾಲಿನ ಕೊನೆಗೆ ಹೋಗಿ ಮತ್ತೆ ಮೊದಲಿಗೆ ಬರುತ್ತಿತ್ತು.

ಹತ್ತು ಐವತ್ತೆಂಟಕ್ಕೆ ಅವಳು ಎದ್ದು ನಿಂತಳು. ಈಗ ಒತ್ತಬೇಕು. ಹದಿನೈದು ಉಳಿದಿದ್ದರೂ ಒಂದು ನಿಮಿಷ ಸಾಕು. ಅಪ್ಪನ ಬೆರಳು ಇನ್ನೂ ಒಂದೇ ಸಾಲಿನ ಮೇಲಿತ್ತು. ಹನ್ನೊಂದಕ್ಕೆ ಪರದೆ ಬಿಳಿಯಾಯಿತು. ಅಪ್ಪ ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಗುಮಾಸ್ತ ಒಂದು ಚೀಟಿ ಮುದ್ರಿಸಿ ಕೊಟ್ಟ. ಅಪ್ಪ ಅದನ್ನು ಎರಡು ಸಲ ಓದಿ, ಹೊರಗೆ ಬಂದು ಅವಳ ಕೈಗಿಟ್ಟ. ಟೀಚರ್ ನೋಡಿದಳು. ಪ್ರಶ್ನೆಗಳು ಐವತ್ತು. ಉತ್ತರಿಸಿದ್ದು ಮೂವತ್ತೇಳು. ತಪ್ಪು ಒಂದೂ ಇಲ್ಲ.

"ಮಿಕ್ಕ ಹದಿಮೂರು?"

"ಅಲ್ಲಿಗೆ ತಲುಪಲಿಲ್ಲ."

"ಸುಮ್ನೆ ಒತ್ತಿದ್ರೆ ಮೂರಾದ್ರೂ ಸರಿ ಬರ್ತಿತ್ತಲ್ಲಪ್ಪ. ಮೂರೇ ಸಾಕಿತ್ತು."

"ಗೊತ್ತು. ನಾನೂ ಲೆಕ್ಕ ಹಾಕಿದೆ," ಎಂದ ಅಪ್ಪ. "ಓದದೇ ಒತ್ತೋದು ಇನ್ನೊಂದು ಸಲ ಬೇಡ ಅನ್ನಿಸ್ತು ಮಗಾ."

ಅವಳು ಕಾವಲಿನವನಿಂದ ಫೋನು ತೆಗೆದುಕೊಂಡಳು. ಅಮ್ಮನ ಮೂರು ಕರೆ ಬಂದು ಹೋಗಿದ್ದವು. ಬಸ್ ನಿಲ್ದಾಣದಲ್ಲಿ ನಿಂತು ಮನೆಗೆ ಫೋನ್ ಮಾಡಿದಳು.

"ಎಷ್ಟು ಬಂತು?" ಎಂದಳು ಅಮ್ಮ, ಹಲೋ ಕೂಡ ಇಲ್ಲದೆ.

ಟೀಚರ್ ಅಪ್ಪನ ಕಡೆ ನೋಡಿದಳು. ಅಪ್ಪ ಫೋನು ಇಸಿದುಕೊಂಡು ತಾನೇ ಹೇಳಿದ:

"ಎಪ್ಪತ್ತನಾಲ್ಕು."